ಜೂನ್ ಒಂದನೆಯ ತಾರೀಖು

ನಮ್ಮ ಪಾಠಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಒಂದೇ ದಿನ ಹುಟ್ಟಿದವರು. ಇದನ್ನೋದಿ ಯಾರೂ ನಗಬಾರದು. ದಾಖಲಾತಿ ಪುಸ್ತಕವನ್ನು ತೆರೆದವರಿಗೆ ಇದು ಪ್ರತ್ಯಕ್ಷವಾಗುವುದು. ವರ್ಷ ಬೇರೆಯಾಗಿರಬಹುದು, ಊರು ಬೇರೆಯಾಗಿರಬಹುದು. ಆದರೆ ಜನ್ಮದಿನದ ಅಂಕಣದಲ್ಲಿ ಜೂನ್ ಒಂದು, ಅದರ ಕೆಳಗೆ ಜೂನ್ ಒಂದು, ನಡುವೆ ಎಲ್ಲಿಯೋ ಒಂದು ಆಗಸ್ಟು, ಪುನಃ ಜೂನ್ ಒಂದು. ಆ ಅಕ್ಷರಗಳಲ್ಲಿ ಬಹುಭಾಗ ನಮ್ಮ ಕೈಯವೇ. ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ಆಟೋಟದ ವಿಷಯವನ್ನೋ ಹಳೆಯ ಬೋರ್ಡಿಂಗಿನ ಬಾವಿಯ ವಿಷಯವನ್ನೋ ಬರೆಯೋಣವೆಂದಿದ್ದೆವು. ಲೇಖನಿ ಹಿಡಿದ ಮೇಲೆ ಈ ಸಂಗತಿಯಲ್ಲದೆ ಮತ್ತೊಂದು ಮುಂದೆ ಬರಲೊಲ್ಲದು.

ಅದು ಹೇಗೆ ನಡೆಯುತ್ತಿತ್ತೆಂಬುದನ್ನು ಮುಚ್ಚಿಡಲು ಕಾರಣವಿಲ್ಲ. ಮುಂಗಾರು ಹನಿಯುವ ದಿನಗಳಲ್ಲಿ ಶಾಲೆ ತೆರೆಯುವುದು. ಹಳ್ಳಿಗಳಿಂದ ತಾಯಂದಿರೂ ಅಜ್ಜಿಯರೂ ಮಕ್ಕಳ ಕೈಹಿಡಿದು ಬಂದು ಪಡಸಾಲೆಯಲ್ಲಿ ಸಾಲಾಗಿ ಕುಳಿತುಕೊಳ್ಳುವರು. ಮಗು ಎಂದು ಹುಟ್ಟಿತೆಂದು ನಾವು ಕೇಳುವೆವು. ಒಬ್ಬಳು ಕಾರಹುಣ್ಣಿಮೆಯ ಹಿಂದಿನ ದಿನವೆನ್ನುವಳು. ಇನ್ನೊಬ್ಬಳು ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ ಬಂದ ರಾತ್ರಿಯೆನ್ನುವಳು. ಮತ್ತೊಬ್ಬಳು ಆ ವರ್ಷ ತೊಗರಿಗೆ ಹುಳ ಬಿದ್ದಿತ್ತೆಂದು ಹೇಳಿ ಸುಮ್ಮನಾಗುವಳು. ಇವರು ಹೇಳುತ್ತಿದ್ದುದು ಅಜ್ಞಾನದ ಮಾತಲ್ಲ. ಹಬ್ಬ ಹೇಳಿದವಳು ದಿನವನ್ನೇ ಹೇಳಿದಂತೆ. ಪಂಚಾಂಗವನ್ನು ತೆಗೆದು ಒಂದು ಗಳಿಗೆ ಲೆಕ್ಕಹಾಕಿದ್ದರೆ ತಾರೀಖು ದೊರೆಯುತ್ತಿತ್ತು. ಆದರೆ ಹಿಂದೆ ಇನ್ನೂ ಮೂವತ್ತು ಜನ ಕಾದಿರುವಾಗ ಆ ಒಂದು ಗಳಿಗೆ ನಮಗೆ ಭಾರವಾಗುತ್ತಿತ್ತು. ವಯಸ್ಸೆಷ್ಟೆಂದು ಕೇಳಿ, ಶಾಲೆ ಸೇರಲು ವಯಸ್ಸು ಕೂಡಿಬರುವಂತೆ ಒಂದು ವರ್ಷವನ್ನು ಹಿಡಿದು, ಜೂನ್ ಒಂದೆಂದು ಬರೆದು, ಮುಂದಿನವರನ್ನು ಕರೆಯುತ್ತಿದ್ದೆವು. ನಾಡಿನ ಎಷ್ಟೋ ಶಾಲೆಗಳಲ್ಲಿ ಹೀಗೆಯೇ ನಡೆದಿದೆಯೆಂಬುದು ನಿಜ. ಅದರಿಂದ ನಮ್ಮ ಪಾಲು ಕಡಿಮೆಯಾಗುವುದಿಲ್ಲ.

ನಾವು ಹುಟ್ಟಿದ ಊರು ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ. ಚಿಂಚೋಳಿ ಎಂದೊಡನೆ ದೂರದವರು ಕಲಬುರಗಿ ಜಿಲ್ಲೆಯ ತಾಲ್ಲೂಕಿನ ಊರನ್ನೇ ತಿಳಿಯುವರು. ಮರಾಠಿಯಲ್ಲಿ ಚಿಂಚ ಎಂದರೆ ಹುಣಿಸೆ; ಗಡಿಯ ಎರಡು ಬದಿಗೂ ಚಿಂಚೋಳಿಗಳಿಗೆ ಕೊರತೆಯಿಲ್ಲ. ಅವುಗಳಿಂದ ನಮ್ಮೂರನ್ನು ಬೇರ್ಪಡಿಸುವುದು ಖಟಕವೆಂಬ ಆ ಮೂರಕ್ಷರವೇ. ಅದನ್ನೂ ಕೆಲವರು ಕಟಕವೆಂದು ಬರೆಯುವರು, ಕೆಲವರು ಬಿಟ್ಟೇ ಬಿಡುವರು. ಆ ಊರಿನವರೇ ಆದ ನಾವೂ ಒಮ್ಮೆ ಬಿಟ್ಟೆವು. ಅದರಿಂದಾದ ಹಾನಿಯನ್ನು ಮುಂದೆ ಹೇಳುವೆವು.

ನಮ್ಮ ಸೀಮೆಯ ಕಾಗದಪತ್ರಗಳಿಗೆ ಮತ್ತೊಂದು ತೊಡಕುಂಟು. 1948ರ ಸೆಪ್ಟೆಂಬರಿನ ವರೆಗೆ ಬೀದರ ಜಿಲ್ಲೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿತ್ತು. ದಫ್ತರದ ಭಾಷೆ ಉರ್ದು. ಭಾಲ್ಕಿಯ ಹಿರೇಮಠದ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಕಥೆಯನ್ನು ಈ ಭಾಗದಲ್ಲಿ ಕೇಳದವರಿಲ್ಲ. ಭಾಷೆಯಂತೆ ಕಾಲಗಣನೆಯೂ ಬೇರೆಯಾಗಿದ್ದಿತು. ಸಂಸ್ಥಾನದ ಫಸಲಿ ವರ್ಷ ಅಕ್ಟೋಬರಿನ ಮೊದಲ ವಾರದಲ್ಲಿ ಆಜೂರ ಮಾಸದಿಂದ ಆರಂಭವಾಗುತ್ತಿತ್ತು. ಅದನ್ನು ಇಂಗ್ಲಿಷ್ ವರ್ಷಕ್ಕೆ ತಿರುಗಿಸಬೇಕಾದರೆ ಡಿಸೆಂಬರಿನ ಕೊನೆಯ ತನಕ 590ನ್ನೂ, ಜನವರಿಯಿಂದ ಮುಂದೆ 591ನ್ನೂ ಕೂಡಿಸಬೇಕು. ನಮ್ಮ ತಂದೆಯವರ ಜನನವನ್ನು ಅವರ ತಂದೆ ಒಂದು ಚೀಟಿಯಲ್ಲಿ ಆಜೂರ ಮಾಸ, 1342 ಫಸಲಿ ಎಂದು ಬರೆಸಿಟ್ಟಿದ್ದರು. ಅದು 1932ನೆಯ ಇಸವಿ. ಬರೆದುಕೊಂಡವನಾರೋ 591ನ್ನು ಕೂಡಿಸಿ 1933 ಮಾಡಿದನು. ತಂದೆಯವರು ಒಂದು ವರ್ಷ ಚಿಕ್ಕವರಾದರು. ಅವರ ನಿವೃತ್ತಿಯೂ ಒಂದು ವರ್ಷ ಮುಂದೆ ಹೋಯಿತು. ಆ ವರ್ಷದ ಸಂಬಳದಲ್ಲಿ ನಮ್ಮ ಮನೆಯ ಮಾಳಿಗೆ ರಿಪೇರಿಯಾಯಿತು. ತಪ್ಪು ನಮಗೆ ಗೊತ್ತಿತ್ತು. ತಿದ್ದಿಸಿರೆಂದು ಯಾರೂ ಹೇಳಲಿಲ್ಲ. ಲಾಭ ತರುವ ತಪ್ಪನ್ನು ತಿದ್ದಿಸಲು ಹೋಗುವವರನ್ನು ನಾವು ಹೆಚ್ಚು ಕಂಡಿಲ್ಲ. ಸರ್ಕಾರವೂ ಇದನ್ನು ಬಲ್ಲದು: ಕರ್ನಾಟಕದಲ್ಲಿ ನೌಕರರ ವಯೋನಿರ್ಣಯಕ್ಕೆಂದು 1974ರ ಕಾನೂನೊಂದಿದೆ, ಸೇವಾಪುಸ್ತಕದಲ್ಲಿ ಬರೆದ ಜನ್ಮತಾರೀಖನ್ನು ತಿದ್ದಿಸಬೇಕೆನ್ನುವವನು ಮೂರು ವರ್ಷದೊಳಗೆ ಕೇಳಬೇಕು, ನಿವೃತ್ತಿಯ ಹೊಸ್ತಿಲಲ್ಲಿ ಅಲ್ಲ.

ಇಷ್ಟು ಪೀಠಿಕೆಯಾದ ಮೇಲೆ ಆ ಹುಡುಗಿಯ ವಿಷಯಕ್ಕೆ ಬರುವೆವು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

2007ರ ಜೂನಿನಲ್ಲಿ ಅವಳ ತಾಯಿಯ ತಾಯಿ ಅವಳನ್ನು ಒಂದನೆಯ ತರಗತಿಗೆ ಕರೆತಂದಳು. ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ತಂದೆ ಹೈದರಾಬಾದಿನಲ್ಲಿ ಮನೆ ಕಟ್ಟುವ ಕೂಲಿಯವನು. ಅಜ್ಜಿ ನಮ್ಮೂರಿನವಳಾದುದರಿಂದ ನಮಗೆ ಆಕೆಯಲ್ಲಿ ಸಲಿಗೆಯಿತ್ತು. ಮಗು ಹುಟ್ಟಿದ್ದೆಂದು ಕೇಳಲಾಗಿ ಆಕೆ, “ನಾಗಪಂಚಮಿ ಮರುದಿನ ಹುಟ್ಯಾಳ್ರಿ ಅಕ್ಕೋರ. ಹುಣಸಿ ಗಿಡಕ್ಕ ಕಟ್ಟಿದ್ದ ಜೋಕಾಲಿ ಇನ್ನಾ ಬಿಚ್ಚಿದ್ದಿಲ್ಲ” ಎಂದಳು. ಆ ಜೋಕಾಲಿಯ ಗುರುತು ನಮಗೂ ಇತ್ತು. ಚಿಕ್ಕಂದಿನಲ್ಲಿ ನಾವು ಜೀಕಿದ ಗಿಡವೇ ಅದು. ಆದರೂ ಬರೆದದ್ದು 1-6-2001. ಹುಟ್ಟಿದ ಸ್ಥಳ ಎಂಬಲ್ಲಿ ಬರೆದದ್ದು ಚಿಂಚೋಳಿ.

2016ರ ಜನವರಿಯಲ್ಲಿ, ಎಳ್ಳಮಾವಾಸ್ಯೆ ಕಳೆದ ವಾರ, ಅವಳ ಕಾಕಾ ಶಾಲೆಗೆ ಬಂದನು. ಹುಡುಗಿ ಆಗ ಒಂಬತ್ತನೆಯ ತರಗತಿಯಲ್ಲಿದ್ದಳು. ಉದಗೀರ ಕಡೆಯ ಸಂಬಂಧವೊಂದು ಕೂಡಿಬಂದಿತ್ತು. ಆ ವರ್ಷ ಅಕ್ಷಯ ತೃತೀಯೆ ಮೇ 9ಕ್ಕೆ ಬಿದ್ದಿತ್ತು. ಅಂದು ನಡೆಯುವ ಸಾಮೂಹಿಕ ವಿವಾಹದಲ್ಲಿ ಹೆಸರು ಬರೆಸಬೇಕಾದರೆ ವಯಸ್ಸಿನ ಪತ್ರ ತೋರಿಸಬೇಕು. 2001ನ್ನು 1997 ಮಾಡಿಕೊಡಬೇಕೆಂದು ಅವನು ಕೇಳಿಕೊಂಡನು. ಅವನು ಒರಟು ಮಾತನಾಡಲಿಲ್ಲ, ಹಣದ ಮಾತನ್ನೂ ಎತ್ತಲಿಲ್ಲ. ತಾಯಿಲ್ಲದ ಹೆಣ್ಣುಮಗುವನ್ನು ಒಂದು ನೆಲೆಗೆ ಹಚ್ಚಿದರೆ ತನ್ನ ಜವಾಬ್ದಾರಿ ತೀರಿತೆಂದು ನಂಬಿದ್ದನು. ನಾವು ಆಗದೆಂದಾಗ ಅವನು ಹೇಳಿದ ಮಾತು ಇಂದಿಗೂ ಕಿವಿಯಲ್ಲಿದೆ: “ಹಿಂದ ನೀವೇ ಅಂದಾಜಿಲೆ ಬರದ್ರಿ ಅಕ್ಕೋರ. ಈಗ ನಮ್ಮ ಅಂದಾಜಿಲೆ ಬರೀರಿ. ಯಾರಿಗಿ ಏನ್ ಹಾನಿ ಅದ?”

ಉತ್ತರ ಹೊಳೆಯಲಿಲ್ಲ. ಬಾಲ್ಯವಿವಾಹ ನಿಷೇಧ ಕಾಯಿದೆ 2006ರದು. ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧವೆಂದು ನಾವು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆವು. ಅದನ್ನೇ ಅವನಿಗೂ ಹೇಳಿದೆವು. ಆದರೆ ಅವನು ಕೇಳಿದ್ದು ಕಾನೂನಿನ ಪ್ರಶ್ನೆಯಲ್ಲ. ನಿಮ್ಮ ಸುಳ್ಳು ನಿಲ್ಲುವುದಾದರೆ ನನ್ನದೇಕೆ ನಿಲ್ಲಬಾರದು ಎಂಬುದು ಅವನ ಪ್ರಶ್ನೆ. ಮುಖ್ಯೋಪಾಧ್ಯಾಯಿನಿಯವರು ಅದೇ ಸಂಜೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿದರು. ಆಗ ನಮಗೆ ಇನ್ನೊಂದು ವಿಷಯ ತಿಳಿದು ಮೈ ತಣ್ಣಗಾಯಿತು. ಆ ತಿಂಗಳೇ ಜಾರಿಗೆ ಬಂದಿದ್ದ 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಮಗುವಿನ ವಯಸ್ಸಿನ ಬಗ್ಗೆ ಸಂದೇಹ ಬಂದಾಗ ಮೊದಲು ನೋಡುವುದು ಶಾಲೆಯ ಪತ್ರವನ್ನು. ಅದಿಲ್ಲವಾದರೆ ಪುರಸಭೆ, ಪಂಚಾಯಿತಿಗಳ ಜನನಪತ್ರವನ್ನು. ಎರಡೂ ಇಲ್ಲವಾದರೆ ಮಾತ್ರ ಎಲುಬಿನ ಪರೀಕ್ಷೆ. ಒಂದು ಹುಡುಗಿಯ ಪಾಲಿಗೆ ನ್ಯಾಯಾಲಯ ಮೊದಲು ಕೈಯಿಡುವ ಆಧಾರ, ಜನಸಂದಣಿಯಲ್ಲಿ ಬೇಸತ್ತು ನಾವು ಗೀಚಿದ ಸಾಲು! ಆ ಸಾಲು ಊಹೆಯೆಂಬುದನ್ನು ಕಾಕಾ ಬಲ್ಲನು, ಅಜ್ಜಿ ಬಲ್ಲಳು, ಎಲ್ಲರಿಗಿಂತ ಹೆಚ್ಚಾಗಿ ನಾವು ಬಲ್ಲೆವು.

ಆದುದರಿಂದ ಜನನದ ಮೂಲ ದಾಖಲೆಯನ್ನೇ ಹುಡುಕಬೇಕೆಂದು ನಿಶ್ಚಯಿಸಿದೆವು. 1969ರ ಜನನ ಮರಣ ನೋಂದಣಿ ಕಾಯಿದೆಯಂತೆ ಯಾರಾದರೂ ಶುಲ್ಕ ಕೊಟ್ಟು ದಾಖಲೆಯನ್ನು ಹುಡುಕಿಸಿ ಜನನದ ಉದ್ಧರಣವನ್ನು ಪಡೆಯಬಹುದು. ಅರ್ಜಿಯೊಡನೆ ಶಾಲೆಯ ಪತ್ರದ ಪ್ರತಿಯನ್ನಿಟ್ಟೆವು. ಅದರಲ್ಲಿ ಚಿಂಚೋಳಿಯೆಂದಿತ್ತಷ್ಟೆ. ಅರ್ಜಿ ಒಯ್ದ ಹುಡುಗನು ಅದನ್ನು ಆ ಚಿಂಚೋಳಿಗೇ ಒಯ್ದನು. ಮೂರು ವಾರದ ಮೇಲೆ ಅಂಥ ನಮೂದಿಲ್ಲವೆಂಬ ಉತ್ತರ ಬಂದಿತು. ಇಲ್ಲದ್ದನ್ನು ಇಲ್ಲವೆಂದವರ ತಪ್ಪೇನು? ಮೂರಕ್ಷರ ಬಿಟ್ಟವರು ನಾವು. ಮೇ 9ಕ್ಕೆ ದಿನಗಳು ಓಡುತ್ತಿದ್ದವು.

ಫೆಬ್ರವರಿಯ ಒಂದು ಶನಿವಾರ ಅಜ್ಜಿಯೊಡನೆ ನಾವೇ ಹೋದೆವು. ದಾಖಲೆ ಸಿಕ್ಕಿತು. ಆಗ ನೋಂದಣಿಯ ಕೆಲಸ ಗ್ರಾಮಲೆಕ್ಕಿಗರದು. ಈಗ ಅವರನ್ನು ಗ್ರಾಮ ಆಡಳಿತಾಧಿಕಾರಿಗಳೆನ್ನುವರು. ಹುಟ್ಟಿದ ಇಪ್ಪತ್ತೊಂದು ದಿನದೊಳಗೆ ಸುದ್ದಿ ತಿಳಿಸಬೇಕೆಂಬ ನಿಯಮಕ್ಕೆ ಸರಿಯಾಗಿ, 2001ರ ಆಗಸ್ಟು ತಿಂಗಳಲ್ಲಿ ಬರೆದ ಹಾಳೆ ಅದು. ಜನ್ಮದಿನ 26-7-2001. ಮನೆಗೆ ಬಂದು ಹಳೆಯ ಪಂಚಾಂಗ ನೋಡಿದೆವು: ಆ ವರ್ಷದ ನಾಗಪಂಚಮಿ ಜುಲೈ 25. ಅಜ್ಜಿಯ ಜೋಕಾಲಿ ಒಂದು ದಿನವೂ ತಪ್ಪಿರಲಿಲ್ಲ.

ಆದರೆ ಮಗುವಿನ ಹೆಸರಿನ ಜಾಗ ಖಾಲಿಯಾಗಿತ್ತು. ತಾಯಿಯ ಹೆಸರೂ ಬೇರೆ. ಈ ಎರಡನೆಯದರ ಕಾರಣ ನಮ್ಮ ಕಡೆಯ ಹೆಂಗಸರಿಗೆ ಬೇಗ ತಿಳಿಯುವುದು. ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ ಮರಾಠಿ ಸೀಮೆಗೆ ಹತ್ತಿದ ಮನೆಗಳಲ್ಲಿ ಉಂಟು. ತವರಿನಲ್ಲಿ ಒಂದು ಹೆಸರಿನಿಂದ ಬೆಳೆದವಳು ಅಕ್ಕಿಯಲ್ಲಿ ಬರೆದ ಮತ್ತೊಂದು ಹೆಸರಿನಿಂದ ಬಾಳುವಳು. ಶಾಲೆಯಲ್ಲಿ ಅಜ್ಜಿ ಹೇಳಿದ್ದು ತವರಿನ ಹೆಸರು. ಮರಣದ ದಾಖಲೆಯಲ್ಲಿದ್ದುದೂ ಅದೇ. ಜನನದ ಹಾಳೆಯಲ್ಲಿದ್ದುದು ಗಂಡನ ಮನೆಯ ಹೆಸರು. ಹೆಸರಿಲ್ಲದ ಮಗು, ಬೇರೆ ಹೆಸರಿನ ತಾಯಿ: ಇದು ಈ ಹುಡುಗಿಯ ಪತ್ರವೇ ಅಲ್ಲವೆಂದು ವಾದಿಸಲು ಬೇರೇನೂ ಬೇಕಾಗಿರಲಿಲ್ಲ.

ಮಾಹಿತಿ ಕೊಟ್ಟವರ ಸಹಿಯನ್ನು ನೋಡಿದೆವು. ಅಣ್ಣ ದೂರದಲ್ಲಿದ್ದುದರಿಂದ ಅಂದು ಸುದ್ದಿ ಬರೆಸಲು ಬಂದವನು ಇಪ್ಪತ್ತರ ಹರೆಯದ ತಮ್ಮ. ಸಹಿ ಕಾಕಾನದು.

ತಿದ್ದುಪಡಿಯ ಕ್ರಮ ಹೇಗೆಂದು ಕೇಳಿದಾಗ ಅಲ್ಲಿಯ ಅಧಿಕಾರಿಗಳು ನಮ್ಮನ್ನು ಕೂಡ್ರಿಸಿ ಹೇಳಿದರು. ಹೆಸರಿಲ್ಲದೆ ನೋಂದಣಿಯಾದ ಮಗುವಿನ ಹೆಸರನ್ನು ಒಂದು ವರ್ಷದೊಳಗೆ ಶುಲ್ಕವಿಲ್ಲದೆಯೂ, ಆಮೇಲೆ ಹದಿನೈದು ವರ್ಷದ ವರೆಗೆ ಅಲ್ಪ ಶುಲ್ಕದಿಂದಲೂ ಸೇರಿಸಬಹುದು. ನಮ್ಮ ಹುಡುಗಿಗೆ ಆ ಅವಧಿ ಬರುವ ಆಗಸ್ಟಿಗೆ ಮುಗಿಯುತ್ತಿತ್ತು. ಬರೆದ ವಿವರ ತಪ್ಪಾಗಿದ್ದರೆ ಎರಡು ಬಗೆ. ಕೈತಪ್ಪಿನಿಂದಾದ ಅಕ್ಷರದೋಷವನ್ನು ನೋಂದಣಾಧಿಕಾರಿಯೇ ವಿಚಾರಿಸಿ ಸರಿಪಡಿಸುವರು. ತಾಯಿಯ ಹೆಸರಿನಂಥ ಸಾರವಿಷಯವಾದರೆ, ತಪ್ಪೇನು, ನಿಜವೇನು ಎಂಬುದನ್ನು ತಿಳಿಸುವ ಘೋಷಣೆ ಬೇಕು. ಅದನ್ನು ಸಂಗತಿಯನ್ನು ಬಲ್ಲ ಇಬ್ಬರು ವಿಶ್ವಾಸಾರ್ಹರು ಮಾಡಬೇಕು. ಮೋಸದಿಂದ ಬರೆಸಿದ್ದೆಂದು ಕಂಡರೆ ಮೇಲಿನವರಿಗೆ ವರದಿ ಹೋಗುವುದು. ಹುಟ್ಟಿದ್ದು ನೋಂದಣಿಯೇ ಆಗದೆ ವರ್ಷ ಮೀರಿದ್ದರೆ ಆ ಮಾರ್ಗ ಬೇರೆ: ಅದಕ್ಕೆ ಮ್ಯಾಜಿಸ್ಟ್ರೇಟರ ಆಜ್ಞೆಯೇ ಬೇಕು.

ಇಬ್ಬರು ವಿಶ್ವಾಸಾರ್ಹರು ಎಂದಾಗ ನಾವು ಊರಿನ ಇಬ್ಬರು ನಿವೃತ್ತ ಗುರುಗಳ ಹೆಸರನ್ನು ಥಟ್ಟನೆ ಹೇಳಿದೆವು. ಅಧಿಕಾರಿಗಳು ನಕ್ಕು, “ಅವರು ಹೆರಿಗೆ ಬಲ್ಲರೇನು?” ಎಂದರು. ನಮ್ಮ ಮುಖ ಕೆಂಪಾಯಿತು. ಸಂಗತಿಯನ್ನು ಬಲ್ಲವರು ಎಂದರೆ ಓದು ಬಲ್ಲವರೆಂದು ನಲವತ್ತು ವರ್ಷ ಪಾಠ ಹೇಳಿದ ಬುದ್ಧಿ ತಿಳಿದುಕೊಂಡಿತ್ತು. ಮುಂದಿನ ವಾರ ಘೋಷಣೆಗೆ ಹೆಬ್ಬೆಟ್ಟು ಒತ್ತಿದವರು ಇಬ್ಬರು ಮುದುಕಿಯರು: ಒಬ್ಬಳು ಅಜ್ಜಿ, ಇನ್ನೊಬ್ಬಳು ಆ ರಾತ್ರಿ ಮಗುವನ್ನು ಕೈಗೆ ತೆಗೆದುಕೊಂಡ ಸೂಲಗಿತ್ತಿ. ತಂದೆ ಒಂದು ದಿನದ ಕೂಲಿ ಬಿಟ್ಟು ಹೈದರಾಬಾದಿನಿಂದ ಬಂದು ಅರ್ಜಿಗೆ ಸಹಿ ಮಾಡಿದನು. ಮಗಳ ಮದುವೆಯ ವಿಷಯದಲ್ಲಿ ಅವನು ಹೌದೆಂದೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ.

ಇಲ್ಲಿ ಒಂದು ಸಂಗತಿಯನ್ನು ನಾವು ವಿಶೇಷವಾಗಿ ಹೇಳಬೇಕು. ತಿದ್ದುಪಡಿ ಎಂದರೆ ಹಳೆಯ ಹೆಸರನ್ನು ಹೊಡೆದುಹಾಕಿ ಹೊಸದನ್ನು ಬರೆಯುವುದೆಂದು ನಾವು ತಿಳಿದಿದ್ದೆವು. ಶಾಲೆಯಲ್ಲಿ ಕೆಂಪು ಶಾಯಿಯಿಂದ ನಾವು ಮಾಡುವುದು ಅದನ್ನೇ ಅಲ್ಲವೆ? ಕಾಯಿದೆಯ 15ನೆಯ ಪ್ರಕರಣ ಹಾಗೆ ಹೇಳುವುದಿಲ್ಲ. ಮೂಲ ನಮೂದನ್ನು ಮುಟ್ಟಕೂಡದು. ಪುಟದ ಅಂಚಿನಲ್ಲಿ ಸರಿಯಾದುದನ್ನು ಬರೆದು, ನೋಂದಣಾಧಿಕಾರಿ ಸಹಿಮಾಡಿ, ತಿದ್ದಿದ ತಾರೀಖನ್ನು ಹಾಕಬೇಕು. ಯಾರು ಮೊದಲು ಏನು ಹೇಳಿದರು, ಯಾರು ಎಂದು ತಿದ್ದಿದರು ಎಂಬುದೆಲ್ಲ ಒಂದೇ ಪುಟದಲ್ಲಿ ಉಳಿಯುವುದು. ಕಾಕಾ ಬೇಡಿದ ತಿದ್ದುಪಡಿಗೂ ನಾವು ಬೇಡಿದ ತಿದ್ದುಪಡಿಗೂ ಇರುವ ಅಂತರ ನಮಗೆ ಆಗ ಸ್ಪಷ್ಟವಾಯಿತು. ಅವನ ತಿದ್ದುಪಡಿಗೆ ಹಳೆಯ ಅಂಕೆ ಕಾಣದಂತೆ ಮಾಡುವುದು ಅಗತ್ಯ. ನಮ್ಮದಕ್ಕೆ ಹಳೆಯ ಹೆಸರು ಕಂಡರೆ ಅಡ್ಡಿಯಿಲ್ಲ.

ಅಂಚಿನಲ್ಲಿ ಬರೆದಾಗ ಗುಮಾಸ್ತನು ತಾಯಿಯ ಗಂಡನ ಮನೆಯ ಹೆಸರು, ಉರ್ಫ್, ತವರಿನ ಹೆಸರು ಎಂದು ಓದಿ ಹೇಳಿದನು. ಅಜ್ಜಿ ಮತ್ತೊಮ್ಮೆ ಓದಿಸಿದಳು. ಮಗಳು ಸತ್ತು ಹನ್ನೊಂದು ವರ್ಷವಾಗಿತ್ತು. “ಇದು ಅಳಸಿ ಹೋಗೂದಿಲ್ಲಲ್ಲ?” ಎಂದು ಕೇಳಿದಳು. “ಇಲ್ಲ ಆಯಿ, ಎರಡೂ ಇರ್ತಾವ” ಎಂದನು ಆತನು.

ಪತ್ರವನ್ನು ಕಾಕಾನ ಮುಂದಿಟ್ಟಾಗ ಅವನು ತನ್ನ ಸಹಿಯ ವಿಷಯವನ್ನು ಕೇಳಿ ಬಹಳ ಹೊತ್ತು ಮಾತನಾಡಲಿಲ್ಲ. ಆ ದಿನ ತಾನು ಸೈಕಲ್ಲಿನ ಮೇಲೆ ಬಂದಿದ್ದೆನೆಂದೂ, ದಾರಿಯಲ್ಲಿ ಮಳೆ ಹಿಡಿದಿತ್ತೆಂದೂ ಮಾತ್ರ ಹೇಳಿದನು. ಸಂಬಂಧ ಮುರಿಯಿತು. ಅನಂತರ ಎರಡು ವರ್ಷ ಅವನು ಆ ಹುಡುಗಿಯನ್ನು ಹಬ್ಬಕ್ಕೆ ಕರೆಯಲಿಲ್ಲ. ಅವಳು ಬೋರ್ಡಿಂಗಿನಲ್ಲಿಯೇ ಹಬ್ಬ ಕಳೆದಳು. ಅದನ್ನು ಬರೆಯದೆ ಬಿಟ್ಟರೆ ಕಥೆ ಸಿಹಿಯಾಗುವುದು, ನಿಜವಾಗದು. 2017ರಲ್ಲಿ ಕರ್ನಾಟಕವು ಕಾಯಿದೆಯನ್ನು ತಿದ್ದಿ, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧುವೆಂದು ಮಾಡಿತು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ತೋರಿಸಿದವಳು ಅವಳೇ.

ಶಾಲೆಯ ಪುಸ್ತಕದಲ್ಲಿ ನಾವು ಬರೆದಿದ್ದ ಜೂನ್ ಒಂದನ್ನು ತಿದ್ದುವ ಅಧಿಕಾರ ನಮಗಿರಲಿಲ್ಲ. ಜನನಪತ್ರವನ್ನು ಲಗತ್ತಿಸಿ, ಊಹೆಯಿಂದ ಬರೆದೆವೆಂದು ಒಪ್ಪಿಕೊಂಡು, ಮೇಲಧಿಕಾರಿಗಳಿಗೆ ಬರೆದೆವು. ಹಾಗೆ ಬರೆದ ಕಾಗದ ನಮ್ಮ ಸೇವೆಯಲ್ಲಿ ಅದೊಂದೇ. ಎಸ್ಸೆಸ್ಸೆಲ್ಸಿಯ ಅಂಕಪಟ್ಟಿ ಅಚ್ಚಾಗುವುದಕ್ಕೆ ಮುಂಚೆ ಅಪ್ಪಣೆ ಬಂದದ್ದು ಪುಣ್ಯ. ಅಚ್ಚಾದ ಮೇಲೆ ಈ ಕೆಲಸ ಬಹಳ ಕಠಿಣ. ಸೇನಾ ಮುಖ್ಯಸ್ಥರಾಗಿದ್ದ ಜನರಲ್ ವಿ. ಕೆ. ಸಿಂಗರ ಜನ್ಮವರ್ಷ ಒಂದು ದಾಖಲೆಯಲ್ಲಿ 1950, ಇನ್ನೊಂದರಲ್ಲಿ 1951 ಎಂದಿದ್ದು, ಆ ವ್ಯಾಜ್ಯ ಸುಪ್ರೀಂ ಕೋರ್ಟಿನ ವರೆಗೆ ಹೋಗಿ 2012ರ ಫೆಬ್ರವರಿಯಲ್ಲಿ ಅವರು ಅರ್ಜಿಯನ್ನು ಹಿಂತೆಗೆದುಕೊಂಡದ್ದನ್ನು ವಾಚಕಿಯರು ಬಲ್ಲರು. ಅಂಥವರಿಗೇ ಹಾಗಾದರೆ ಕೂಲಿಯವನ ಮಗಳ ಪಾಡೇನು?

ನಾವು ಮರುವರ್ಷ ನಿವೃತ್ತರಾದೆವು. 2019ರ ಜುಲೈ 26ರಂದು ಅವಳು ಫೋನು ಮಾಡಿ, “ಇವತ್ತು ಹದಿನೆಂಟು ತುಂಬಿತು, ಅಕ್ಕೋರೆ” ಎಂದಳು. ಪಿಯುಸಿ ಮುಗಿಸಿ ನರ್ಸಿಂಗಿಗೆ ಅರ್ಜಿ ಹಾಕಿದ್ದಳು.

2023ರ ಅಕ್ಟೋಬರ 1ರಿಂದ ತಿದ್ದುಪಡಿಯಾದ ಕಾಯಿದೆ ಜಾರಿಗೆ ಬಂದಿದೆ. ಅಂದಿನಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಮತದಾರರ ಪಟ್ಟಿಗೂ ವಿವಾಹ ನೋಂದಣಿಗೂ ಸರ್ಕಾರಿ ಕೆಲಸಕ್ಕೂ ಜನನಪತ್ರವೊಂದೇ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ. ಇನ್ನು ಮೇಲೆ ಪಡಸಾಲೆಯಲ್ಲಿ ಕುಳಿತ ಉಪಾಧ್ಯಾಯಿನಿಗೆ ಊಹಿಸುವ ಅಧಿಕಾರವಿಲ್ಲ, ಒಳ್ಳೆಯದೇ ಆಯಿತು. ಆದರೆ ಆ ಒಂದು ಪತ್ರದಲ್ಲಿ ಅಕ್ಷರ ತಪ್ಪಿದರೆ ಅದು ಎಲ್ಲ ಬಾಗಿಲಿಗೂ ಹಿಂಬಾಲಿಸುವುದು. ಮೊಮ್ಮಕ್ಕಳನ್ನು ಕಂಡಿರುವ ಸೋದರಿಯರು ಪತ್ರ ಕೈಗೆ ಬಂದ ದಿನವೇ ಕನ್ನಡಕ ಹಾಕಿಕೊಂಡು ಊರ ಹೆಸರಿನಿಂದ ಮೊದಲುಮಾಡಿ ಓದಲಿ.

ಆ ದಾಖಲಾತಿ ಪುಸ್ತಕದ 2007ರ ಪುಟದಲ್ಲಿ ಅವಳ ಹೆಸರಿನ ಮೇಲೂ ಕೆಳಗೂ ಜೂನ್ ಒಂದುಗಳು ಹಾಗೆಯೇ ಇವೆ. ಅವರಲ್ಲಿ ಮೂವರ ಮನೆಯವರು ಹೇಳಿದ ದಿನ ನಮಗೆ ಇನ್ನೂ ನೆನಪಿದೆ: ಇಬ್ಬರದು ಎಳ್ಳಮಾವಾಸ್ಯೆ, ಒಬ್ಬಳದು ಸೀಗೆಹುಣ್ಣಿಮೆಯ ಮೂರನೆಯ ದಿನ. ಈ ಸಂಚಿಕೆ ಅವರ ಕೈ ಸೇರಿದರೆ ನಮ್ಮಲ್ಲಿಗೆ ಬರಲಿ. ಆ ವರ್ಷಗಳ ಪಂಚಾಂಗಗಳನ್ನು ತೆಗೆದಿರಿಸಿದ್ದೇವೆ.